ಪಿಕಪ್ ಇಲ್ಲದ ಹಳೇ ಸ್ವಿಫ್ಟ್ ಡೀಸೆಲ್: ಗಾಳಿ ಹೋಗುತ್ತಿದ್ದುದು ಎಲ್ಲಿ?

ಗಾಡಿ 2010ರ ಮಾರುತಿ ಸ್ವಿಫ್ಟ್ ಡಿಡಿಐಎಸ್. ಫಿಯಟ್‌ನ 1.3 ಮಲ್ಟಿಜೆಟ್ ಎಂಜಿನ್, 1248 ಸಿಸಿ, 75 ಪಿಎಸ್, 190 ಎನ್‌ಎಂ ಟಾರ್ಕ್. ಓಡುವುದು ಹಾಸನದ ಸುತ್ತಮುತ್ತ, ತಿಂಗಳಿಗೆರಡು ಸಲ ಮಂಗಳೂರು.

ಓಡೋಮೀಟರ್ 1,42,310 ಕಿ.ಮೀ.

ದೂರು ಒಂದೇ, ಪಿಕಪ್ ಇಲ್ಲ. ಊರೊಳಗೆ ನಿಧಾನವಾಗಿ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ಶಿರಾಡಿ ಘಾಟಿ ಹತ್ತುವಾಗ ಮಾತ್ರ ಮೂರನೇ ಗೇರ್ ಎಳೆಯಬೇಕಾದಲ್ಲಿ ಎರಡಕ್ಕೆ ಇಳಿಸಬೇಕು. ಓವರ್‌ಟೇಕ್‌ಗೆ ಕಾಲು ಒತ್ತಿದರೆ ಸದ್ದು ಬರುತ್ತದೆ, ವೇಗ ಬರುವುದಿಲ್ಲ, ಹಿಂದೆ ಕಪ್ಪು ಹೊಗೆ.

ಏನನ್ನೂ ಬಿಚ್ಚುವ ಮೊದಲು ಒಂದು ಅಳತೆ ಬೇಕು. ಇಲ್ಲದಿದ್ದರೆ ರಿಪೇರಿ ಆದಮೇಲೆ 'ಸ್ವಲ್ಪ ಪರವಾಗಿಲ್ಲ' ಅನ್ನುವುದರಲ್ಲೇ ಕೆಲಸ ಮುಗಿದುಹೋಗುತ್ತದೆ. ಮೂರನೇ ಗೇರ್, ಪೆಡಲ್ ಪೂರ್ತಿ ಕೆಳಗೆ, 40ರಿಂದ 80 ಕಿ.ಮೀ. ವೇಗಕ್ಕೆ 14.8 ಸೆಕೆಂಡ್. ಖಾಲಿ ರಸ್ತೆಯಲ್ಲಿ ಎರಡೂ ದಿಕ್ಕಿಗೆ ಓಡಿಸಿ ತೆಗೆದ ಸರಾಸರಿ ಇದು.

ಎಂಜಿನ್ ಅಲ್ಲದ ಕಾರಣಗಳನ್ನು ಅವತ್ತೇ ಪಕ್ಕಕ್ಕಿಟ್ಟೆವು. ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿದಾಗ ನಾಲ್ಕು ಚಕ್ರಗಳ ಬಿಸಿಯೂ ಒಂದೇ ತೆರ, ಅಂದರೆ ಬ್ರೇಕ್ ಹಿಡಿದುಕೊಂಡಿಲ್ಲ. ನಾಲ್ಕನೇ ಗೇರ್‌ನಲ್ಲಿ ಏರು ಹತ್ತಿಸುತ್ತಾ ಪೂರ್ತಿ ಒತ್ತಿದರೆ ಆರ್‌ಪಿಎಂ ಒಂದೇ ಹಾರಲಿಲ್ಲ, ವೇಗದ ಜೊತೆಗೇ ಏರಿತು, ಹಾಗಾಗಿ ಕ್ಲಚ್ ಜಾರುತ್ತಿಲ್ಲ. ಏರ್ ಫಿಲ್ಟರ್ ಹೊಸದು. ಆಕ್ಸಿಲರೇಟರ್ ಪೆಡಲ್ ಪೂರ್ತಿ ಒತ್ತಿದಾಗ ಸ್ಕ್ಯಾನರ್‌ನಲ್ಲಿ ಶೇ. 100 ತೋರಿಸುತ್ತದೆ. ದಪ್ಪ ಫ್ಲೋರ್ ಮ್ಯಾಟ್ ಅಡ್ಡ ಬಂದು 80ಕ್ಕೇ ನಿಲ್ಲುವ ಗಾಡಿಗಳೂ ಇವೆ, ಹಾಗಾಗಿ ಇದನ್ನು ನೋಡದೆ ಬಿಡಬೇಡಿ.

1,42,355 ಕಿ.ಮೀ.

ಹೊಗೆಯೇ ದಾರಿ ತೋರಿಸುತ್ತದೆ. ಪಿಕಪ್ ಇಲ್ಲ, ಹೊಗೆಯೂ ಇಲ್ಲ ಎಂದರೆ ಡೀಸೆಲ್ ಸಾಲುತ್ತಿಲ್ಲ, ಅಥವಾ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಾನೇ ಕಡಿಮೆ ಮಾಡಿದೆ. ಪಿಕಪ್ ಇಲ್ಲ, ಕಪ್ಪು ಹೊಗೆ ಇದೆ ಎಂದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ ಎಂಬ ಅನುಮಾನ ಮೊದಲು. ಇಂಥ ಗಾಡಿಗೂ ಮೊದಲು ಇಂಜೆಕ್ಟರ್ ಬಿಚ್ಚುವುದು ಅನೇಕ ಕಡೆ ರೂಢಿಯಾಗಿದೆ. ಅದು ತಪ್ಪು, ದುಬಾರಿ ತಪ್ಪು.

ಅನುಮಾನ ಸಾಲದು, ಅಳತೆಯೇ ಬೇಕು. ಪೂರ್ತಿ ಲೋಡ್‌ನಲ್ಲಿ ಇಸಿಯು ಕೇಳಿದ ರೈಲ್ ಪ್ರೆಷರ್ (ಇಂಜೆಕ್ಟರ್‌ಗಳಿಗೆ ಹೋಗುವ ಡೀಸೆಲ್‌ನ ಒತ್ತಡ) 1,300 ಬಾರ್, ಸಿಕ್ಕಿದ್ದು 1,285. ಪಂಪ್, ಡೀಸೆಲ್ ಫಿಲ್ಟರ್ ಎರಡೂ ಬಚಾವ್. ಫಿಲ್ಟರ್ ಕಟ್ಟಿಕೊಂಡಿದ್ದರೆ ಈ ಎರಡು ಸಂಖ್ಯೆಗಳ ನಡುವೆ ನೂರಾರು ಬಾರ್ ಅಂತರ ಬರುತ್ತಿತ್ತು. ಈ ಲೆಕ್ಕ ನೋಡಲು ಗಾಡಿಯ ಇಸಿಯು ಓದಬಲ್ಲ ಸ್ಕ್ಯಾನರ್ ಬೇಕು, ಅಗ್ಗದ ಬ್ಲೂಟೂತ್ ಡಾಂಗಲ್‌ಗೆ ಎಲ್ಲ ರೀಡಿಂಗ್ ಸಿಗುವುದಿಲ್ಲ.

ಇನ್ನು ಗಾಳಿ. ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಹೇಳುವುದನ್ನು ನಂಬುವ ಮೊದಲು ಸೆನ್ಸರನ್ನೇ ಪರೀಕ್ಷೆ ಮಾಡಬೇಕು. ಕೀ ಆನ್, ಎಂಜಿನ್ ಆಫ್, ಆಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್, ಹಾಸನದ ಎತ್ತರಕ್ಕೆ ಸುಮಾರು 90. ನಮಗೆ ಬಂದದ್ದು 90, ಸೆನ್ಸರ್ ಸರಿಯಿದೆ. ಘಟ್ಟದ ಮೇಲಿನವರು ಪುಸ್ತಕದ 101 ನೋಡಿ ಒಳ್ಳೆಯ ಸೆನ್ಸರ್ ಬದಲಿಸುವುದು ಇಲ್ಲಿಯೇ.

ಮೂರನೇ ಗೇರ್, 2,500 ಆರ್‌ಪಿಎಂ, ಪೂರ್ತಿ ಲೋಡ್: ಇಸಿಯು ಕೇಳಿದ್ದು 200 ಕಿಲೋಪಾಸ್ಕಲ್, ಸಿಕ್ಕಿದ್ದು 146. ರೋಗ ಇರುವುದು ಇಲ್ಲೇ.

1,42,360 ಕಿ.ಮೀ.

ಗಾಳಿಯನ್ನು ಒತ್ತಿ ತುಂಬುವ ಟರ್ಬೋದಿಂದ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಮ್ಯಾನಿಫೋಲ್ಡ್‌ಗೆ ಹೋಗುವ ರಬ್ಬರ್ ಹೋಸ್‌ಗಳನ್ನು ಕಣ್ಣಿಂದ ನೋಡಿದರೆ ಸಾಲದು. ಲೋಡ್ ಇಲ್ಲದಾಗ ಸೀಳಿನ ತುಟಿ ಮುಚ್ಚಿಕೊಂಡಿರುತ್ತದೆ, ಒತ್ತಡ ಬಂದಾಗಲೇ ಬಾಯಿ ಬಿಡುತ್ತದೆ. ಎಂಜಿನ್ ಆಫ್ ಮಾಡಿ ತಣ್ಣಗಾದ ಮೇಲೆ ಟರ್ಬೋ ಹೊರಬಾಯಿಯಿಂದ ಹೋಸ್ ಕಳಚಿ, ಅದರ ಬಾಯಿಗೆ ಸರಿಹೊಂದುವ ಪಿವಿಸಿ ಎಂಡ್ ಕ್ಯಾಪ್ ಸಿಕ್ಕಿಸಿ ಕ್ಲಿಪ್ ಬಿಗಿದೆವು. ಕ್ಯಾಪ್‌ಗೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಮೊದಲೇ ಕೂರಿಸಿತ್ತು. ಕಾಲಿನ ಪಂಪ್‌ನಿಂದ 12 ಪಿಎಸ್‌ಐ ತುಂಬಿದೆವು. 15 ದಾಟಿಸಬೇಡಿ, ಕ್ಯಾಪ್ ಗುಂಡಿನಂತೆ ಹಾರುತ್ತದೆ, ಮುಖ ಅದರ ನೇರಕ್ಕೆ ಇರಬಾರದು. ತೆರೆದಿರುವ ಇನ್‌ಟೇಕ್ ವಾಲ್ವ್ ಮೂಲಕ ಸ್ವಲ್ಪ ಗಾಳಿ ಸಿಲಿಂಡರಿಗೆ ಇಳಿಯುವುದರಿಂದ ಮುಳ್ಳು ನಿಧಾನವಾಗಿ ಕೆಳಗೆ ಬರುವುದು ಸಹಜ. ಹುಡುಕಬೇಕಾದದ್ದು ಗುಳ್ಳೆಯನ್ನು.

ಸೋಪಿನ ನೀರು ಹಚ್ಚಿದಾಗ ಕೆಳಗಿನ ಹೋಸ್‌ನ ಬೆನ್ನಿನಲ್ಲಿ, ಬ್ರಾಕೆಟ್‌ಗೆ ಉಜ್ಜುವ ಜಾಗದಲ್ಲಿ ನೊರೆ ಉಕ್ಕಿತು. ಬಿಚ್ಚಿ ಬೆರಳಿಂದ ಬಗ್ಗಿಸಿದಾಗ ಎರಡು ಸೆಂಟಿಮೀಟರ್ ಉದ್ದದ ಸೀಳು, ಅದರ ಸುತ್ತ ಎಣ್ಣೆಗೆ ಅಂಟಿದ ಕರಿ ಧೂಳು. ಟೇಪ್ ಸುತ್ತುವುದು ವ್ಯರ್ಥ, ಒಳಗಿನ ಎಣ್ಣೆಪಸೆಗೆ ಅಂಟು ನಿಲ್ಲುವುದಿಲ್ಲ. ಹೊಸ ಹೋಸ್, ಎರಡು ಹೊಸ ಕ್ಲಿಪ್, ಬ್ರಾಕೆಟ್ ಅಂಚಿಗೆ ರಬ್ಬರ್ ತುಂಡು.

ಫಲ: 176 ಕಿಲೋಪಾಸ್ಕಲ್, 11.9 ಸೆಕೆಂಡ್. ಓಡಿಸುವವರಿಗೆ ಇಷ್ಟೇ ಸಾಕೆನಿಸಿತು. ಆದರೆ 200 ಕೇಳಿದಾಗ 176 ಸಿಕ್ಕರೆ ಕೆಲಸ ಮುಗಿದಿಲ್ಲ.

1,42,480 ಕಿ.ಮೀ.

ಈ ಸಲ ಇಜಿಆರ್ ವಾಲ್ವ್, ಅಂದರೆ ಎಕ್ಸಾಸ್ಟ್ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ ಬಾಗಿಲು. ಅದು ಪೂರ್ತಿ ಮುಚ್ಚದಿದ್ದರೆ ಎರಡು ನಷ್ಟ: ಟರ್ಬೋ ತಿರುಗಿಸಬೇಕಾದ ಎಕ್ಸಾಸ್ಟ್ ಗಾಳಿ ಅಡ್ಡದಾರಿ ಹಿಡಿಯುತ್ತದೆ, ಒಳಗೆ ತಾಜಾ ಗಾಳಿಯ ಜಾಗವನ್ನೂ ಅದೇ ಆಕ್ರಮಿಸುತ್ತದೆ.

ಬಿಚ್ಚದೆಯೇ ಪತ್ತೆ ಮಾಡಬಹುದು. ಒಂದು ಸಿಲಿಂಡರ್ 312 ಸಿಸಿ. ಹಾಸನದ 90 ಕಿಲೋಪಾಸ್ಕಲ್‌ನಲ್ಲಿ, 25 ಡಿಗ್ರಿಯಲ್ಲಿ ಅಷ್ಟು ಜಾಗ ಹಿಡಿಯುವ ಗಾಳಿ ಸುಮಾರು 328 ಮಿಲಿಗ್ರಾಂ. ಸಿಲಿಂಡರ್ ಎಂದೂ ಪೂರ್ತಿ ತುಂಬುವುದಿಲ್ಲ, ಶೇ. 85 ಎಂದಿಟ್ಟರೂ ಐಡ್ಲಿಂಗ್‌ನಲ್ಲಿ ಇಜಿಆರ್ ಮುಚ್ಚಿದಾಗ ಪ್ರತಿ ಸ್ಟ್ರೋಕ್‌ಗೆ 280 ಮಿಲಿಗ್ರಾಂ ಆಸುಪಾಸು ಬರಬೇಕು. ವಾಲ್ವ್‌ನ ಕನೆಕ್ಟರ್ ಕಿತ್ತರೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಕಿತ್ತಾಗ ಏರ್ ಫ್ಲೋ ರೀಡಿಂಗ್ 195ರಿಂದ 215ಕ್ಕೆ ಏರಿ ಅಲ್ಲೇ ನಿಂತಿತು. ಅಂದರೆ ಮುಚ್ಚು ಅಂದರೂ ಮುಚ್ಚುತ್ತಿಲ್ಲ. ಕನೆಕ್ಟರ್ ಕಿತ್ತದ್ದಕ್ಕೆ ಚೆಕ್ ಎಂಜಿನ್ ದೀಪ ಹತ್ತುತ್ತದೆ, ಕೊನೆಗೆ ಕೋಡ್ ಅಳಿಸಿದರಾಯಿತು.

ವಾಲ್ವ್ ಕಳಚಿದಾಗ ಸೀಟಿನ ಮೇಲೆ ಸುಟ್ಟ ಟಾರಿನಂಥ ಕರಿ ಗಟ್ಟಿಯಾಗಿ ಕೂತಿತ್ತು. ಸೊಲೆನಾಯ್ಡ್ (ವಾಲ್ವ್ ತೆರೆಯುವ ವಿದ್ಯುತ್ ಕಾಯಿಲ್) ಮೇಲ್ಗಡೆ, ಬಾಯಿ ಕೆಳಗಡೆ ಹಿಡಿದೇ ಕಾರ್ಬ್ ಕ್ಲೀನರ್ ಹೊಡೆಯಿರಿ, ದ್ರವ ಕಾಯಿಲ್ ಒಳಗೆ ಇಳಿದರೆ ವಾಲ್ವ್ ಕೆಡುತ್ತದೆ. ಇಪ್ಪತ್ತು ನಿಮಿಷ ನೆನೆಸಿ, ಬಿದಿರಿನ ಕಡ್ಡಿಯಿಂದ ಕೆರೆದೆವು, ಹೀಗೆ ಮೂರು ಸುತ್ತು. ವೈರ್ ಬ್ರಷ್ ಬೇಡ, ಸೀಟಿಗೆ ಗೀರು ಬಿದ್ದರೆ ಮತ್ತೆ ಸೋರುತ್ತದೆ. ಆಮೇಲೆ ಮುಚ್ಚಿದ ವಾಲ್ವ್ ಬಾಯಿಗೆ ಸ್ವಲ್ಪ ಡೀಸೆಲ್ ಹುಯ್ದು ಐದು ನಿಮಿಷ ಹಿಡಿದೆವು, ಒಂದು ಹನಿಯೂ ಇಳಿಯಲಿಲ್ಲ. ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದೆವು. ಇದೇ ಕ್ಲೀನರನ್ನು ಏರ್ ಫ್ಲೋ ಸೆನ್ಸರ್‌ಗೆ ಮಾತ್ರ ಹೊಡೆಯಬೇಡಿ, ಅದಕ್ಕೆ ಬೇರೆ ಸ್ಪ್ರೇ ಇದೆ.

ಇಜಿಆರ್‌ಗೆ ತಗಡಿನ ಪ್ಲೇಟ್ ಹಾಕಿ ಶಾಶ್ವತವಾಗಿ ಮುಚ್ಚಿಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನಾವು ಒಪ್ಪುವುದಿಲ್ಲ. ದಹನದ ಬಿಸಿ ಏರಿ ನೈಟ್ರೋಜನ್ ಆಕ್ಸೈಡ್ ಹೆಚ್ಚುತ್ತದೆ, ಅದನ್ನು ಉಸಿರಾಡುವವರು ನಾವೇ. ಶುದ್ಧವಾಗಿರುವ ವಾಲ್ವ್ ಪೂರ್ತಿ ಲೋಡ್‌ನಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ, ಪಿಕಪ್‌ಗೆ ಅಡ್ಡಿಯಿಲ್ಲ.

ಕನೆಕ್ಟರ್ ಕಿತ್ತಾಗ ಈಗ 274 ಮಿಲಿಗ್ರಾಂ. 2,500 ಆರ್‌ಪಿಎಂನಲ್ಲಿ 201 ಕಿಲೋಪಾಸ್ಕಲ್. 40ರಿಂದ 80ಕ್ಕೆ 9.3 ಸೆಕೆಂಡ್.

1,43,050 ಕಿ.ಮೀ.

ಶಿರಾಡಿ ಘಾಟಿಯಲ್ಲಿ ಗುಂಡ್ಯದಿಂದ ಮಾರನಹಳ್ಳಿಯವರೆಗೆ ಹೆಚ್ಚಿನ ಏರು ಮೂರನೇ ಗೇರ್‌ನಲ್ಲೇ ಮುಗಿಯಿತು, ಕನ್ನಡಿಯಲ್ಲಿ ಹೊಗೆ ಕಾಣಲಿಲ್ಲ. ಹೊಸ ಕ್ಲಿಪ್‌ಗಳು ಕಾಲು ಸುತ್ತು ಸಡಿಲವಾಗಿದ್ದವು, ಬಿಗಿ ಮಾಡಿದೆವು. ರಬ್ಬರ್ ಬಿಸಿಯಾಗಿ ಕೂತ ಮೇಲೆ ಹೀಗಾಗುತ್ತದೆ.

ಬಾಕಿ ಒಂದಿದೆ: ಹೋಸ್ ಒಳಗಿನ ಎಣ್ಣೆ. ತೆಳು ಪಸೆ ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪಿನಿಂದಲೂ ಬರುತ್ತದೆ, ಚಿಂತೆಯಿಲ್ಲ. ಟರ್ಬೋ ಸವೆದು ಎಣ್ಣೆ ಬರುತ್ತಿದೆಯೇ ಎಂದು ಅದರ ಶಾಫ್ಟನ್ನು ಬೆರಳಿಂದ ಅಲ್ಲಾಡಿಸಿದಾಗ ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಆಟ, ಹಿಂದೆ ಮುಂದೆ ಇಲ್ಲವೇ ಇಲ್ಲ. ಹೋಸ್ ಒಳಭಾಗ ಒರೆಸಿ ಇಟ್ಟಿದ್ದೇವೆ. 1,45,000ಕ್ಕೆ ಮತ್ತೆ ಬಿಚ್ಚಿ ನೋಡುವುದು.