ದತ್ತು ಪೂರ್ತಿಯಾಯಿತು, ಪೌರತ್ವ ಎಲ್ಲಿ?

ದತ್ತು ಹೋದ ಮಗು ಆ ಮನೆಯದೇ ಆಗುತ್ತದೆ ಎಂಬುದರಲ್ಲಿ ನಮ್ಮವರಿಗೆ ಸಂಶಯವಿಲ್ಲ. 1956ರ ಹಿಂದೂ ದತ್ತು ಮತ್ತು ಜೀವನಾಂಶ ಕಾಯ್ದೆಯೂ ಅದನ್ನೇ ಹೇಳುತ್ತದೆ: ಒಂದೆರಡು ವಿನಾಯಿತಿಗಳನ್ನು ಬಿಟ್ಟರೆ, ದತ್ತು ನಡೆದ ದಿನದಿಂದಲೇ ಹೆತ್ತ ಮನೆಯ ಸಂಬಂಧ ಕಡಿದು ಹೊಸ ಮನೆಯ ಸಂಬಂಧ ಕೂಡುತ್ತದೆ. ಆದರೆ ಹಸುಗೂಸಾಗಿ ಭಾರತದಿಂದ ಅಮೆರಿಕಕ್ಕೆ ದತ್ತು ಹೋಗಿ, ಅಲ್ಲಿಯೇ ಓದಿ, ದುಡಿದು, ತೆರಿಗೆ ಕಟ್ಟಿ, ಈಗ ನಡುವಯಸ್ಸಿಗೆ ಬಂದಿರುವ ಕೆಲವರು ಇಂದಿಗೂ ಆ ದೇಶದ ಪೌರರಲ್ಲ.

ಇದಕ್ಕೆ ಕಾರಣ ಆಗಿನ ಕ್ರಮದಲ್ಲಿಯೇ ಇತ್ತು. ವಿದೇಶಿ ದಂಪತಿಗೆ ಇಲ್ಲಿ ನೇರವಾಗಿ ದತ್ತು ಸಿಗುತ್ತಿರಲಿಲ್ಲ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ ಪ್ರಕಾರ ನಮ್ಮ ಜಿಲ್ಲಾ ನ್ಯಾಯಾಲಯ ಅವರನ್ನು ಮಗುವಿನ ಪಾಲಕರೆಂದು ನೇಮಿಸುತ್ತಿತ್ತು, ದತ್ತು ಅವರ ದೇಶದ ಕಾನೂನಿನಂತೆ ಅಲ್ಲಿ ನಡೆಯಬೇಕಿತ್ತು, ಪೌರತ್ವಕ್ಕೆ ಮತ್ತೊಂದು ಅರ್ಜಿ ಬೇಕಿತ್ತು. 1984ರಲ್ಲಿ ಲಕ್ಷ್ಮೀಕಾಂತ ಪಾಂಡೆ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇಂಥ ದತ್ತುಗಳಿಗೆ ಬಿಗಿಯಾದ ಮಾರ್ಗಸೂಚಿ ಹಾಕಿಕೊಟ್ಟಿತಾದರೂ, ಆ ಮೂರನೆಯ ಅರ್ಜಿ ಹಾಕುವುದು ಸಾಕಿದವರ ಕೈಯಲ್ಲಿಯೇ ಉಳಿಯಿತು. ಎಷ್ಟೋ ತಂದೆತಾಯಂದಿರು ದತ್ತು ಆದೇಶ ಬಂದ ಮೇಲೆ ಎಲ್ಲ ಮುಗಿಯಿತೆಂದೇ ತಿಳಿದರು. ಮಗು ದೊಡ್ಡದಾಗಿ ಪಾಸ್‌ಪೋರ್ಟಿಗೋ ಸರಕಾರಿ ಕೆಲಸಕ್ಕೋ ಅರ್ಜಿ ಹಾಕಿದಾಗ ನಿಜ ಹೊರಬಿತ್ತು.

ಅಮೆರಿಕ ಇದನ್ನು 2000ದಲ್ಲಿ ಕಾಯ್ದೆ ಮಾಡಿ ಸರಿಪಡಿಸಿತು, ಆದರೆ ಅರ್ಧ ಮಾತ್ರ. 2001ರ ಫೆಬ್ರವರಿ 27ರಂದು ಕಾಯ್ದೆ ಜಾರಿಗೆ ಬಂದಾಗ ಹದಿನೆಂಟು ತುಂಬದವರಿಗೆ ಮಾತ್ರ ಪೌರತ್ವ ತಾನಾಗಿ ದೊರೆಯಿತು. ಒಂದೇ ಮನೆಗೆ ದತ್ತು ಹೋದ ಅಕ್ಕ 1982ರಲ್ಲಿ, ತಮ್ಮ 1984ರಲ್ಲಿ ಹುಟ್ಟಿದ್ದರೆ ತಮ್ಮ ಪೌರ, ಅಕ್ಕ ಪರದೇಶಿ. ಈ ಗಡುವಿಗೆ ಆಡಳಿತದ ಅನುಕೂಲವನ್ನು ಬಿಟ್ಟು ಬೇರೆ ಸಮರ್ಥನೆ ನನಗೆ ಕಾಣುವುದಿಲ್ಲ. ಅದಕ್ಕೂ ಮೊದಲು 1996ರ ವಲಸೆ ಕಾಯ್ದೆ ಗಡೀಪಾರಿಗೆ ಕಾರಣವಾಗುವ ಅಪರಾಧಗಳ ಪಟ್ಟಿಯನ್ನು ಹಿಗ್ಗಿಸಿತ್ತು. ಬಾಲ್ಯದಲ್ಲಿ ಭಾರತದಿಂದ ಹೋದ ಒಬ್ಬ ಮಹಿಳೆಯನ್ನು 2008ರಲ್ಲಿ ಗಂಡ ಮಕ್ಕಳಿಂದ ಬೇರ್ಪಡಿಸಿ ಮುಂಬೈಗೆ ಕಳುಹಿಸಿದ್ದೂ ಹೀಗೆಯೇ. ಅಪರಾಧ ಮಾಡಿದವರನ್ನು ಕಳುಹಿಸಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಅದೇ ಮನೆಯ ಹೆತ್ತ ಮಗ ಅದೇ ತಪ್ಪಿಗೆ ಶಿಕ್ಷೆ ಮುಗಿಸಿ ಮನೆಗೆ ಬರುತ್ತಾನೆ. ದತ್ತು ಮಗಳು ಮಾತ್ರ ಶಿಕ್ಷೆಯ ಮೇಲೆ ದೇಶವನ್ನೂ ಕಳೆದುಕೊಳ್ಳಬೇಕೇ ಎಂಬುದು ನನ್ನ ಪ್ರಶ್ನೆ.

ಕಾಸರಗೋಡಿನವರಿಗೆ ದಾಖಲೆಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 1956ರ ನವೆಂಬರ್ 1ರಂದು, ಇದ್ದ ಮನೆಯಲ್ಲಿ ಇದ್ದಂತೆಯೇ ಕೇರಳದವರಾದೆವು. ಮಲಯಾಳದಲ್ಲಿರುವ ಅರ್ಜಿಯನ್ನು ಹಿಡಿದು ಓದಿ ಹೇಳುವವರನ್ನು ಹುಡುಕುವ ಹಿರಿಯರು ಬದಿಯಡ್ಕ, ಪೆರ್ಲದ ಕಡೆ ಈಗಲೂ ಇದ್ದಾರೆ. ಆದರೂ ನಮ್ಮ ಹೋರಾಟ ಭಾಷೆಯ ಹಕ್ಕಿನದು, ಪೌರತ್ವವನ್ನು ಯಾರೂ ಕಸಿಯಲಿಲ್ಲ. ಹಿಂದಿಯಾಗಲಿ ಮರಾಠಿಯಾಗಲಿ ಬಾರದೆ, ಗುರುತಿನವರೊಬ್ಬರೂ ಇಲ್ಲದೆ ಮುಂಬೈಯಲ್ಲಿ ಇಳಿದವಳ ಕಷ್ಟದ ಪಕ್ಕದಲ್ಲಿ ನಮ್ಮದನ್ನು ಇಡುವುದೂ ಸರಿಯಲ್ಲ.

ದೇಶದಿಂದ ದೇಶಕ್ಕೆ ನಡೆಯುವ ದತ್ತುಗಳ ಕುರಿತ ಅಂತಾರಾಷ್ಟ್ರೀಯ ಹೇಗ್ ಒಪ್ಪಂದವನ್ನು 2003ರಲ್ಲಿ ಭಾರತ ಅಂಗೀಕರಿಸಿದ ಮೇಲೆ ದತ್ತು ಹೋಗುವ ಮಕ್ಕಳ ಸ್ಥಿತಿ ಬಹುಮಟ್ಟಿಗೆ ಸುಧಾರಿಸಿದೆ. ಉಳಿದಿರುವುದು ಹಳಬರ ಪ್ರಶ್ನೆ. ವಯಸ್ಸಿನ ಗಡುವನ್ನು ತೆಗೆಯುವ ಮಸೂದೆ 2015ರಿಂದ ಅಮೆರಿಕದ ಸಂಸತ್ತಿನಲ್ಲಿ ಹಲವು ಸಲ ಮಂಡನೆಯಾಗಿದೆ. 2022ರ ಫೆಬ್ರವರಿಯಲ್ಲಿ ಕೆಳಮನೆ ಅದನ್ನು ದೊಡ್ಡ ಮಸೂದೆಯೊಂದರ ಭಾಗವಾಗಿ ಒಪ್ಪಿತಾದರೂ ಅಂತಿಮ ರೂಪದಲ್ಲಿ ಆ ಭಾಗವನ್ನೇ ಕೈಬಿಡಲಾಯಿತು. ಪೌರತ್ವ ಸಿಗದ ಈ ಮಕ್ಕಳನ್ನು ಕಳುಹಿಸಿದ್ದು ನಮ್ಮ ನ್ಯಾಯಾಲಯಗಳ ಆದೇಶವೇ ಆದ್ದರಿಂದ, ಗಡೀಪಾರಿನ ಪ್ರಯಾಣಪತ್ರಕ್ಕೆ ಸಹಿ ಹಾಕುವ ಮೊದಲು ದತ್ತಿನ ಕಡತವನ್ನು ತೆರೆದು ನೋಡುವ ಹೊಣೆ ನಮ್ಮ ವಿದೇಶಾಂಗ ಇಲಾಖೆಗೂ ಇದೆ. ಅಮೆರಿಕದಲ್ಲಿ ಮತದ ಹಕ್ಕು ಪಡೆದಿರುವ ನಮ್ಮೂರಿನವರು ತಮ್ಮ ಕ್ಷೇತ್ರದ ಪ್ರತಿನಿಧಿಗೆ ಬರೆಯಬೇಕು. ಈಗಾಗಲೇ ಗಡೀಪಾರಾದವರನ್ನೂ ಮಸೂದೆಯೊಳಗೆ ಸೇರಿಸಿರೆಂದು ಆ ಪತ್ರದಲ್ಲಿ ಸ್ಪಷ್ಟವಾಗಿ ಕೇಳಬೇಕು.