ಆರಿದ್ರಾ ಮಳೆಯಲ್ಲಿ ಹುಟ್ಟಿದವಳಿಗೊಂದು ಹೆಸರು

3 ಜುಲೈ 2025, ಗುರುವಾರ

ಸೋಮವಾರ ತಮ್ಮನ ಮಗಳ ನಾಮಕರಣ. ಭಾನುವಾರಕ್ಕೇ ಹನ್ನೊಂದು ದಿನ ಆಗುತ್ತೆ, ಆದರೆ ಅವತ್ತು ಏಕಾದಶಿ. ಬಂದವರಿಗೆ ಊಟ ಹಾಕುವ ಹಾಗಿಲ್ಲ. ಹೆಸರು ಮಾತ್ರ ಇನ್ನೂ ಗೊತ್ತಾಗಿಲ್ಲ. ಸೋದರತ್ತೆ ಅಂತ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ನಾನು. ಹಾಗಾಗಿ ಎಲ್ಲರ ಫೋನೂ ನನಗೇ.

ಮಗುವಿನದು ಆರಿದ್ರಾ ಮೂರನೇ ಪಾದ. ಆ ನಕ್ಷತ್ರದವರ ಹೆಸರು ಶುರುವಾಗಬೇಕಾದ ಅಕ್ಷರಗಳು, ಪಾದಕ್ಕೊಂದರಂತೆ, ಕು, ಘ, ಙ, ಛ. ಮೂರನೆಯದಕ್ಕೆ ಬರುವುದು ಙ! ನಲಿ-ಕಲಿ ಮಕ್ಕಳಿಗೆ ಅಕ್ಷರ ಕಲಿಸುವ ನಾನೇ ಙ ಬಂದಾಗ ಸುಮ್ನೆ ಮುಂದಕ್ಕೆ ಹೋಗುತ್ತೇನೆ. ಪುರೋಹಿತರು ನಕ್ಕು, ಅದೇ ನಕ್ಷತ್ರದ ಬೇರೆ ಅಕ್ಷರ ತಗೊಳ್ಳಿ, ಇಲ್ಲವೇ ಕರೆಯೋ ಹೆಸರು ಬೇರೆ ಇಡಿ ಅಂದರು.

ತಮ್ಮನಿಗೆ ‘ಆರ್ದ್ರಾ’ ಅಂತಲೇ ಇಡುವ ಆಸೆ. ಹೆಸರು ಚೆನ್ನಾಗಿದೆ. ಈಗ ನಡೆಯುತ್ತಿರುವುದೂ ಆರಿದ್ರಾ ಮಳೆಯೇ. ಆದರೆ ಅಮ್ಮ ಸುತಾರಾಂ ಒಪ್ಪಲಿಲ್ಲ. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಅನ್ನೋ ಮಾತು ಕೇಳಿಲ್ವೇನೋ ಅಂತ ಅವನಿಗೆ ಬೈದಳು. ಅಮ್ಮ ಹೇಳಿದ್ದು ಸರಿ. ಆ ಪ್ರಾಸ ಹೊಳೆಯೋಕೆ ಮಕ್ಕಳಿಗೆ ಒಂದು ಆಟದ ಪೀರಿಯಡ್ ಸಾಕು.

ತಮ್ಮನ ಹೆಂಡತಿ ಫೋನಿನಲ್ಲಿ ಪಟ್ಟಿ ಇಟ್ಟುಕೊಂಡಿದ್ದಾಳೆ. ಅದರಲ್ಲಿ ಅರ್ಧ ಹೆಸರಿಗೆ ಲಕ್ಷ್ಮಿ ಅಂತ ಅರ್ಥ, ಉಳಿದರ್ಧಕ್ಕೆ ಸೂರ್ಯನ ಮೊದಲ ಕಿರಣ. ಅವಳಿಗೆ ಹಿಡಿಸಿರುವುದು ಆದ್ಯ. ನನ್ನ ಕ್ಲಾಸಲ್ಲೇ ಇಬ್ಬರು ಆದ್ಯ ಇದ್ದಾರೆ. ಮಕ್ಕಳ ಬಾಯಲ್ಲಿ ಅವರು ಉದ್ದ ಆದ್ಯ, ಗಿಡ್ಡ ಆದ್ಯ. ಈ ವರ್ಷ ಗಿಡ್ಡ ಆದ್ಯಳೇ ಜಾಸ್ತಿ ಉದ್ದ ಆಗಿದ್ದಾಳೆ, ಆದರೂ ಅವಳು ಗಿಡ್ಡ ಆದ್ಯಾನೇ. ನಾವು ಓದುವಾಗ ಅಂಗಡಿ ಮಂಜುಳ, ಪೋಸ್ಟಾಫೀಸ್ ಮಂಜುಳ ಇದ್ದರಲ್ಲ, ಹಾಗೆ. ಇನ್ನೊಬ್ಬ ಹುಡುಗ ಇದ್ದಾನೆ. ಅವನ ಹೆಸರು ಬಿಸಿಯೂಟದ ಅಕ್ಕನ ನಾಲಿಗೆಗೆ ಹೊರಳುವುದೇ ಇಲ್ಲ. ‘ಏ ಪುಟ್ಟಾ, ತಟ್ಟೆ ಹಿಡಿ’ ಅಂತಲೇ ಸಾಂಬಾರ್ ಬಡಿಸುತ್ತಾರೆ. ಅವನೂ ಈಗ ಪುಟ್ಟಾ ಅಂದರೇ ಬೇಗ ತಿರುಗುತ್ತಾನೆ.

ನನ್ನ ಓಟು ಕುಮುದಾಗೆ. ‘ಕು’ ಆರಿದ್ರಾದ್ದೇ, ಮೊದಲನೇ ಪಾದದ್ದು. ಒಂದು ಸಲ ಹೇಳಿದರೆ ಯಾರು ಬೇಕಾದರೂ ಬರೆದುಕೊಳ್ಳಬಹುದು. ಹಿತ್ತಿಲಿಂದ ಕೂಗಿದರೆ ಬೀದಿಗೆ ಕೇಳುತ್ತೆ. ಎಲ್ಲರಿಗೂ ಗೊತ್ತಿರುವ ಹೆಸರು, ಆದರೆ ನನ್ನ ಹಾಜರಿ ಪುಸ್ತಕದಲ್ಲಿ ಒಬ್ಬಳೂ ಇಲ್ಲ.

‘ಅಜ್ಜಿ ಹೆಸರಿನ ಥರ ಇದೆ ಅಕ್ಕ’ ಅಂದಳು ತಮ್ಮನ ಹೆಂಡತಿ.

‘ಇವಳು ಅಜ್ಜಿ ಆಗೋ ಹೊತ್ತಿಗೆ ಆದ್ಯ ಅನ್ನೋದೇ ಅಜ್ಜಿ ಹೆಸರಾಗಿರುತ್ತೆ ಬಿಡು’ ಅಂದೆ.

ಆಸ್ಪತ್ರೆಯ ಫಾರಮ್ಮಿನಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟಿದ್ದಾರೆ. ಹುಟ್ಟಿದ್ದನ್ನು 21 ದಿನದೊಳಗೆ ನೋಂದಾಯಿಸಿದರೆ ಆಯ್ತು. ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ತಮ್ಮ ಹಾಗಾಗಿ ಆರಾಮಾಗಿದ್ದಾನೆ. ನನಗೆ ಆರಾಮಿಲ್ಲ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಸ್ಕೂಲಿಗೆ ಸೇರಿಸೋಕೂ, ಆಧಾರ್ ಮಾಡಿಸೋಕೂ ಜನನ ಪ್ರಮಾಣಪತ್ರದಲ್ಲಿ ಇದ್ದದ್ದೇ ಲೆಕ್ಕ. ಅಲ್ಲಿ ಒಂದಕ್ಷರ ತಪ್ಪಿದರೆ ಮುಂದೆ ತಿದ್ದಿಸುತ್ತಾ ಅಲೆಯಬೇಕು.

ಈಗಷ್ಟೇ ತಮ್ಮನ ಹೆಂಡತಿಯ ಮೆಸೇಜ್ ಬಂತು. ಇಂಗ್ಲಿಷಲ್ಲಿ ಕುಮುದಾಗೆ ಕೊನೆಗೆ ಒಂದು ‘ಎ’ ನಾ, ಎರಡಾ ಅಂತ. ಅರ್ಧ ಒಪ್ಪಿದ ಹಾಗೇ ಅಲ್ವಾ? ಒಂದೇ ಸಾಕು ಅಂತ ಬರೆದೆ.