ಕಾಲಡಿಯ ಹೆಸರುಗಳು

ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ನಮ್ಮ ಕಾಲೇಜಿನ ಇತಿಹಾಸ ವಿಭಾಗದವರು ಕೇಳಿದ್ದಾರೆ. ಮದ್ದೂರಿನಿಂದ ದಿನಾ ರೈಲು ಹತ್ತಿ ಮೈಸೂರಿಗೆ ಬಂದು ಓದಿದವನು ನಾನು. ಕಾಲೇಜಿನ ನೆನಪುಗಳು ಬೇಕಾದಷ್ಟಿವೆ. ಆದರೆ ಅಲ್ಲಿ ಓದಿದ್ದು ಮತ್ತೆ ಮತ್ತೆ ತಲೆಗೆ ಬಂದದ್ದು ಬರ್ಲಿನ್‌ನಲ್ಲಿ. ಅದನ್ನೇ ಬರೆಯುತ್ತೇನೆ.

ಮುಂದಿನ ಓದಿಗೆ ಅಲ್ಲಿಗೆ ಹೋದಾಗ ಹಳೆಯ ಕಟ್ಟಡವೊಂದರಲ್ಲಿ ಬಾಡಿಗೆ ಕೋಣೆ ಸಿಕ್ಕಿತ್ತು. ಬಾಗಿಲಿನ ಮುಂದೆ, ಫುಟ್‌ಪಾತ್‌ನ ಕಲ್ಲುಗಳ ನಡುವೆ, ಹಿತ್ತಾಳೆ ಹೊದಿಸಿದ ನಾಲ್ಕು ಪುಟ್ಟ ಕಲ್ಲುಗಳು. ಒಂದೊಂದೂ ಹತ್ತು ಸೆಂಟಿಮೀಟರ್ ಅಗಲ, ಅಷ್ಟೇ ಉದ್ದ. ಓದಬೇಕೆಂದರೆ ಬಗ್ಗಲೇಬೇಕು. ಮೊದಲ ಸಾಲಿನಲ್ಲಿ ‘ಇಲ್ಲಿ ವಾಸವಿದ್ದರು’ ಅಂತ ಇರುತ್ತದೆ. ಕೆಳಗೆ ಹೆಸರು, ಹುಟ್ಟಿದ ವರ್ಷ, ಹಿಡಿದು ಸಾಗಿಸಿದ ದಿನ, ಕೊಂದ ಜಾಗ. ಅಪ್ಪ, ಅಮ್ಮ, ಇಬ್ಬರು ಮಕ್ಕಳು. ಚಿಕ್ಕ ಮಗುವಿಗೆ ಇನ್ನೂ ಶಾಲೆಗೆ ಸೇರುವ ವಯಸ್ಸೂ ಆಗಿರಲಿಲ್ಲ. ನಾನು ದಿನಾ ಹತ್ತಿ ಇಳಿಯುತ್ತಿದ್ದ ಮೆಟ್ಟಿಲು ಆ ಮಗುವಿನದೂ ಆಗಿತ್ತು.

ಇವುಗಳಿಗೆ ಸ್ಟೋಲ್ಪರ್‌ಸ್ಟೈನ್ ಎನ್ನುತ್ತಾರೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1990ರ ದಶಕದಲ್ಲಿ ಶುರು ಮಾಡಿದ ಕೆಲಸ. ನಾಜಿಗಳ ಕೈಯಲ್ಲಿ ಸತ್ತವರು, ಅವರು ಊರು ಬಿಡಿಸಿ ಓಡಿಸಿದ ಜನ ತಾವಾಗಿಯೇ ಆರಿಸಿಕೊಂಡಿದ್ದ ಕೊನೆಯ ಮನೆ ಯಾವುದು ಅಂತ ಹುಡುಕಿ, ಅದರ ಎದುರಿಗೇ ಕಲ್ಲು ಹುದುಗಿಸುತ್ತಾರೆ. 2023ರಲ್ಲಿ ಯುರೋಪಿನ ಇಂಥ ಕಲ್ಲುಗಳ ಲೆಕ್ಕ ಒಂದು ಲಕ್ಷ ಮುಟ್ಟಿತು. 1938ರಲ್ಲಿ ಯಹೂದಿಗಳ ಮನೆ, ಅಂಗಡಿ, ಮಂದಿರಗಳನ್ನು ಒಡೆದು ಸುಟ್ಟ ರಾತ್ರಿಯ ನೆನಪಿಗೆ ಪ್ರತಿ ನವೆಂಬರ್ 9ರಂದು ಜನ ಈ ಕಲ್ಲುಗಳನ್ನು ಉಜ್ಜುತ್ತಾರೆ. ನಮ್ಮ ಕಟ್ಟಡದ ಅಜ್ಜಿಯೊಬ್ಬರು ಆ ಚಳಿಯಲ್ಲಿ ಮಂಡಿಯೂರಿ, ಸ್ಪಂಜಿನಿಂದ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು. ಕಪ್ಪು ಹಿಡಿದಿದ್ದ ಅಕ್ಷರಗಳು ಒಂದೊಂದಾಗಿ ಹೊಳೆಯುತ್ತಾ ಮೇಲೆ ಬರುತ್ತಿದ್ದವು. ನಾನೂ ಪಕ್ಕದಲ್ಲಿ ಕೂತು ಒಂದು ಕಲ್ಲು ಉಜ್ಜಿದೆ.

ದೊಡ್ಡ ಸ್ಮಾರಕಗಳನ್ನೂ ನೋಡಿದೆ. ಬ್ರಾಂಡೆನ್‌ಬರ್ಗ್ ಗೇಟಿನ ಹತ್ತಿರ ಕೊಲೆಯಾದ ಯಹೂದಿಗಳ ನೆನಪಿಗೆ 2005ರಲ್ಲಿ ತೆರೆದ ಸ್ಮಾರಕದಲ್ಲಿ 2711 ಕಾಂಕ್ರೀಟ್ ದಿಮ್ಮಿಗಳಿವೆ. ಎಲ್ಲರೂ ಫೋಟೋ ತೆಗೆಯುವುದು ಅವುಗಳದ್ದೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ನೆಲದಡಿಯ ಒಂದು ಕತ್ತಲೆ ಕೋಣೆ. ಅಲ್ಲಿ ಸತ್ತವರ ಹೆಸರು, ಎರಡು ಮಾತಿನಲ್ಲಿ ಅವರ ಬದುಕು, ಇಷ್ಟನ್ನೇ ಒಬ್ಬೊಬ್ಬರದಾಗಿ ಓದುತ್ತಾ ಹೋಗುತ್ತಾರೆ. ಹೀಗೆ ಎಲ್ಲರ ಹೆಸರೂ ಓದಿ ಮುಗಿಸಲು ಆರು ವರ್ಷಕ್ಕೂ ಜಾಸ್ತಿ ಬೇಕು. ಗ್ರೂನೆವಾಲ್ಡ್ ಸ್ಟೇಷನ್ನಿನ 17ನೇ ಪ್ಲಾಟ್‌ಫಾರ್ಮ್‌ನಲ್ಲಿ ಹೆಸರಿಲ್ಲ, ದಿನಾಂಕವಿದೆ. ಹಳಿಯ ಎರಡೂ ಅಂಚಿಗೆ 186 ಉಕ್ಕಿನ ಫಲಕಗಳು. ಯಾವ ದಿನ ಎಷ್ಟು ಯಹೂದಿಗಳನ್ನು ಎಲ್ಲಿಗೆ ಕಳಿಸಿದರು ಅಂತ ಪ್ರತಿಯೊಂದರಲ್ಲೂ ಬರೆದಿದೆ. ಆ ಹಳಿಯ ಮೇಲೆ ಈಗ ರೈಲು ಓಡುವುದಿಲ್ಲ. ಹಳಿಗಳ ನಡುವೆ ಮರಗಳು ಬೆಳೆದಿವೆ.

ನಮ್ಮವರ ಹೆಸರುಗಳೂ ಆ ಊರಿನ ಹತ್ತಿರ ಇವೆ ಅಂತ ಆಮೇಲೆ ತಿಳಿಯಿತು. ಬರ್ಲಿನ್‌ನ ದಕ್ಷಿಣಕ್ಕೆ, ವುನ್ಸ್‌ಡಾರ್ಫ್ ಕಡೆ, ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕ ಭಾರತದ ಸಿಪಾಯಿಗಳ ಶಿಬಿರವಿತ್ತು. ಕಾಯಿಲೆ ಬಿದ್ದು ಅಲ್ಲೇ ಸತ್ತವರಿಗೆ ಜೆರೆನ್ಸ್‌ಡಾರ್ಫ್‌ನಲ್ಲಿ ಸ್ಮಶಾನ. ಅಲ್ಲಿ 206 ಜನ ಇದ್ದಾರೆ. ಕಾಡಿನ ನಡುವೆ, ಸಾಲಾಗಿ ನಿಂತ ಬಿಳಿ ಕಲ್ಲುಗಳ ಮೇಲೆ ನಮ್ಮ ಕಡೆಯ ಹೆಸರು ಓದಿದಾಗ ಗಂಟಲು ಕಟ್ಟಿತು. ಅದೇ ಶಿಬಿರದ ಕೈದಿಗಳ ದನಿಯನ್ನು ಜರ್ಮನಿಯ ಭಾಷಾ ವಿದ್ವಾಂಸರು ಆಗಲೇ ಧ್ವನಿಮುದ್ರಿಸಿಕೊಂಡಿದ್ದರು. ಆ ಧ್ವನಿತಟ್ಟೆಗಳು ಈಗಲೂ ಬರ್ಲಿನ್‌ನ ಹಂಬೋಲ್ಟ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. 1916ರ ಡಿಸೆಂಬರ್‌ನಲ್ಲಿ ಮಾಲ್ ಸಿಂಗ್ ಎಂಬ ಪಂಜಾಬಿ ಸಿಪಾಯಿ ತನ್ನ ಕಥೆಯನ್ನು ಬೇರೆ ಯಾರದೋ ಎಂಬಂತೆ ಹೇಳುತ್ತಾನೆ. ಹಿಂದುಸ್ತಾನದಲ್ಲಿ ಒಬ್ಬ ಮನುಷ್ಯ ಬೆಣ್ಣೆ ತಿನ್ನುತ್ತಿದ್ದ, ಯುದ್ಧಕ್ಕೆ ಬಂದ, ಜರ್ಮನಿಯವರ ಕೈಗೆ ಸಿಕ್ಕ, ಈಗ ಊರಿಗೆ ಹೋಗಬೇಕು ಅಂತಿದ್ದಾನೆ. ಅಷ್ಟೇ ಕಥೆ. ಬೆಣ್ಣೆಯನ್ನು ನೆನೆದ ಆ ಒಂದು ಮಾತಿನಲ್ಲಿ ಅವನ ಊರು, ಮನೆ, ತಾಯಿ ಎಲ್ಲ ಬಂದುಬಿಟ್ಟರು ಅನ್ನಿಸಿತು.

ಆಮೇಲೆ ನನ್ನ ತಲೆಯಲ್ಲಿ ಶ್ರೀರಂಗಪಟ್ಟಣವೇ ಸುತ್ತತೊಡಗಿತು. ನಮ್ಮ ಮೇಷ್ಟ್ರು ಅಲ್ಲಿಗೆ ಕರೆದುಕೊಂಡು ಹೋಗಿ, ಗೋಡೆ ಒಡೆದ ಜಾಗ, ಟಿಪ್ಪುವಿನ ಶವ ಸಿಕ್ಕ ಜಾಗ ಎಲ್ಲ ತೋರಿಸಿದ್ದರು. 1907ರಲ್ಲಿ ಮೈಸೂರು ಸರ್ಕಾರ ಕೋಟೆಯಲ್ಲಿ ಎತ್ತರದ ಸ್ತಂಭ ನಿಲ್ಲಿಸಿತು. ಅದು ಕಂಪನಿಯ ಕಡೆ ಬಿದ್ದ ಅಧಿಕಾರಿಗಳ ನೆನಪಿಗೆ. 1799ರ ಮೇ 4ರಂದು ಕೋಟೆಯ ಒಳಗೆ ಸತ್ತ ಸಾವಿರಾರು ಜನರ ಹೆಸರು? ಕಾವೇರಿಯ ಆಚೀಚೆ ಹಳ್ಳಿಗಳಿಂದ ಬಂದ ಕಾಲಾಳುಗಳು, ಎತ್ತಿನ ಗಾಡಿ ಹೊಡೆದವರು, ಕೋಟೆಯೊಳಗಿನ ಹೆಂಗಸರು ಮಕ್ಕಳು? ಅವರಿಗೆ ಒಂದು ಕಲ್ಲೂ ಇಲ್ಲ. ಟಿಪ್ಪು ಬಗ್ಗೆ ಜಗಳ ಆಡುವವರು ಎರಡೂ ಕಡೆ ಇದ್ದಾರೆ. ಈ ಜನರನ್ನು ಕೇಳುವವರು ಯಾವ ಕಡೆಯೂ ಇಲ್ಲ.

ಹೆಸರು ಬರೆದಿಡುವ ಅಭ್ಯಾಸ ನಮಗೆ ಇರಲಿಲ್ಲ ಅಂತಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ವೀರಗಲ್ಲು ಕ್ರಿ.ಶ. 950ರ ಸುಮಾರಿನದು. ಗಂಗರ ದೊರೆ ಬೂತುಗ ತನ್ನ ವೀರ ಮಣಲೇರನಿಗೆ ಕಾಳಿ ಎಂಬ ಬೇಟೆನಾಯಿ ಕೊಟ್ಟಿದ್ದ. ಕಾಳಿ ಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಆ ನಾಯಿಗಾಗಿ ಕಲ್ಲು ನಿಲ್ಲಿಸಿದರು, ಹೆಸರು ಕೊರೆದರು. ದೊರೆಗಳ ಯುದ್ಧದ ಸುದ್ದಿಯೂ ಅದೇ ಕಲ್ಲಿನಲ್ಲಿದೆ. ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಸಾವಿರ ವರ್ಷದ ಹಿಂದಿನ ನಾಯಿಯ ಹೆಸರು ನಮಗೆ ಗೊತ್ತು. ಇನ್ನೂರು ಚಿಲ್ಲರೆ ವರ್ಷದ ಹಿಂದೆ ಕೋಟೆಯಲ್ಲಿ ಸತ್ತ ನಮ್ಮೂರಿನವನ ಹೆಸರು ಗೊತ್ತಿಲ್ಲ. ಇದು ನನ್ನನ್ನು ಬಿಡದೆ ಕಾಡುತ್ತಿದೆ.

ಹುಡುಕಿದರೆ ಎಲ್ಲ ಸಿಗದಿದ್ದರೂ ಕೆಲವಾದರೂ ಸಿಕ್ಕಾವು ಅಂತ ನಂಬಿದ್ದೇನೆ. ಲಾವಣಿ ಹೇಳುವವರಿದ್ದಾರೆ, ಹಳೆಯ ಮನೆತನಗಳ ಕಾಗದಪತ್ರಗಳಿವೆ, ಹೊಲದ ಬದುವಿನಲ್ಲಿ ಅರ್ಧ ಹೂತ ಕಲ್ಲುಗಳಿವೆ. ಬೇಸಿಗೆ ರಜೆಗೆ ಊರಿಗೆ ಬರುತ್ತಿದ್ದೇನೆ. ಮೊದಲು ಶ್ರೀರಂಗಪಟ್ಟಣದ ಪಕ್ಕದ ಗಂಜಾಂ, ಆಮೇಲೆ ಪಾಂಡವಪುರದ ಕಡೆಯ ಹಳ್ಳಿಗಳು. ಜೊತೆಗೆ ಬರುವ ವಿದ್ಯಾರ್ಥಿಗಳು ವಿಭಾಗದಲ್ಲಿ ಹೇಳಿರಿ. ನೋಟ್‌ಬುಕ್ಕು, ಫೋನಿನಲ್ಲಿ ಒಳ್ಳೆ ರೆಕಾರ್ಡರ್, ಒಂದು ಮೆತ್ತನೆ ಬ್ರಷ್ ಇದ್ದರೆ ಸಾಕು.